ಪಾತ್ರೆಯ ಕಷಾಯ, ಲೋಟದ ಕಷಾಯ

ಡಬ್ಬಿಯಲ್ಲಿ ಬೇರು ಕಡಿಮೆಯಾಗುತ್ತಿದೆ ಎಂಬ ಅನುಮಾನ ಬೇರಮ್ಮನಿಗೆ ಬಂದದ್ದು ಬೇಳೆ ತೆಗೆಯಲು ಹಲಗೆಯ ಮೇಲೆ ಕೈಯಾಡಿಸಿದಾಗ. ಬೇಳೆ ಡಬ್ಬಿಗಳ ಹಿಂದೆ ಅಡಗಿಸಿಟ್ಟಿದ್ದ ಆ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಮನೆಯಲ್ಲಿ ಅವಳಲ್ಲದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಎತ್ತಿದರೆ ಹಗುರ. ಮುಚ್ಚಳ ತೆಗೆದು ನೋಡಿದಳು. ಮೇಲಿನ ತುಂಡುಗಳು ಹಾಗೇ ಇದ್ದವು. ತಳದಲ್ಲಿದ್ದ ದಪ್ಪನೆಯವು ಮಾಯವಾಗಿದ್ದವು. ಗೊತ್ತಾಗದಿರಲಿ ಎಂದು ಯಾರೋ ಅಡಿಯಿಂದ ತೆಗೆದಿದ್ದರು. ಕದ್ದದ್ದಕ್ಕಿಂತ ಆ ಜಾಣತನವೇ ಅವಳ ಮೈ ಉರಿಸಿತು.

ಆ ಓಣಿಯಲ್ಲಿ ಅವಳ ಅಸಲಿ ಹೆಸರು ಎಷ್ಟು ಜನಕ್ಕೆ ನೆನಪಿತ್ತೋ ಏನೋ, ಎಲ್ಲರ ಬಾಯಲ್ಲೂ ಬೇರಮ್ಮ. ಕಲ್ಲುಗುಡ್ಡದ ಬದಿಯಲ್ಲಿ ಬೆಳೆಯುವ ಒಂದು ಮುಳ್ಳುಗಿಡದ ಬೇರನ್ನು ಅಗೆದು ತಂದು, ನೆರಳಲ್ಲಿ ಒಣಗಿಸಿ, ಜಜ್ಜಿ, ಬೆಳಗಾದರೆ ಕುದಿಸಿ ಕಷಾಯ ಮಾಡುತ್ತಿದ್ದಳು. ತಾಯಿಯಿಂದ ಕಲಿತದ್ದು. ರಕ್ತದ ಒತ್ತಡಕ್ಕೆ ಅದಕ್ಕಿಂತ ಮದ್ದಿಲ್ಲ ಎಂದು ನಂಬಿದ್ದಳು. ಸಾಕ್ಷಿಯೂ ಕಣ್ಣೆದುರಿಗೇ ಇತ್ತು. ಅವಳ ಗಂಡ ಬಸ್ಸು ಓಡಿಸಿ ನಿವೃತ್ತನಾದವನು. ಎರಡು ವರ್ಷದ ಹಿಂದೆ ಮೂಗಿನಿಂದ ರಕ್ತ ಸುರಿದು ಡಾಕ್ಟರ ಬಳಿ ಓಡಿದಾಗ, ಒತ್ತಡ ವಿಪರೀತ ಏರಿದೆ, ಇನ್ನು ಬದುಕಿರುವವರೆಗೂ ಮಾತ್ರೆ ಬಿಡುವಂತಿಲ್ಲ ಎಂದಿದ್ದರು. ಮನೆಗೆ ಬಂದವನೇ ಡ್ರೈವರು ಮಾತ್ರೆಯ ಪಟ್ಟಿಯನ್ನು ಕಸದ ಬುಟ್ಟಿಗೆ ಎಸೆದಿದ್ದ. “ನಮ್ಮಣ್ಣ ಮಾತ್ರೆ ನುಂಗಿ ನುಂಗೀನೇ ಸತ್ತ. ನಂಗೆ ಬೇಡ,” ಎಂದಿದ್ದ. ಅಂದಿನಿಂದ ದಿನಾ ಬೆಳಿಗ್ಗೆ ಹೆಂಡತಿಯ ಕಷಾಯ. ಈಗ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಒತ್ತಡ ಸರಿಯಾಗಿಯೇ ಇರುತ್ತಿತ್ತು.

ಇದನ್ನು ಕಂಡ ಓಣಿಯ ಕೆಲವರು ಲೋಟ ಹಿಡಿದುಕೊಂಡು ಬರತೊಡಗಿದರು. ಎಲ್ಲರಿಗಿಂತ ಮೊದಲು ಬಂದವಳು ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು. ಬೇರಮ್ಮ ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲ. ಹೊಗಳಿಕೆಯನ್ನು ಮಾತ್ರ ಬೇಡವೆನ್ನುತ್ತಿರಲಿಲ್ಲ.

ಬೇರು ಕದ್ದವರು ಯಾರೆಂದು ಅವಳು ಬಹಳ ಯೋಚಿಸಬೇಕಾಗಿರಲಿಲ್ಲ. ಸೊಸೆ ಔಷಧ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹಳೆಯ ಕಾಲದ ಮದ್ದಿನ ಗಿಡಗಳನ್ನು ತಂದು ರಕ್ತನಾಳದ ಮೇಲೆ ಪರೀಕ್ಷೆ ಮಾಡುವುದು ಅಲ್ಲಿನ ಕೆಲಸ. ಮರುದಿನ ಸೊಸೆ ಸ್ನಾನಕ್ಕೆ ಹೋದಾಗ ಬೇರಮ್ಮ ಅವಳ ಬ್ಯಾಗಿಗೆ ಕೈ ಹಾಕಿದಳು. ಊಟದ ಡಬ್ಬಿಯ ಕೆಳಗೆ, ಪೇಪರಿನಲ್ಲಿ ಸುತ್ತಿದ್ದ ಬೇರಿನ ಎರಡು ಕೆಂಪು ತುಂಡುಗಳು ಸಿಕ್ಕವು.

ರಾತ್ರಿ ಊಟಕ್ಕೆ ಕೂತಾಗ ಆ ಪೊಟ್ಟಣವನ್ನು ಸೊಸೆಯ ತಟ್ಟೆಯ ಪಕ್ಕದಲ್ಲೇ ಇಟ್ಟಳು. “ಇದನ್ನೂ ಬಡಿಸ್ಲಾ?”

ಸೊಸೆಯ ಕೈ ಅನ್ನದಲ್ಲೇ ನಿಂತಿತು. “ಕೇಳಿದ್ರೆ ಕೊಡ್ತಿರ್ಲಿಲ್ಲ ಅತ್ತೆ, ಅದಕ್ಕೇ…”

“ಕೇಳಿ ನೋಡಿದ್ಯಾ?”

“ಹೋದ ವರ್ಷ ಕೇಳಿದ್ದೆ. ಮೂರು ದಿನ ಮಾತು ಬಿಟ್ಟಿದ್ರಿ.”

ಡ್ರೈವರು ಕಿಸಕ್ಕೆಂದ. ಬೇರಮ್ಮ ಅವನತ್ತ ಬೀರಿದ ನೋಟಕ್ಕೆ ಮತ್ತೆ ತಟ್ಟೆ ನೋಡಿಕೊಂಡ.

“ಏನು ಮಾಡ್ತೀರ ಇದನ್ನ? ಮಾರ್ತೀರಾ?”

“ಮಾರೋದೇನು ಬಂತು? ಇಲಿಯ ರಕ್ತನಾಳದಿಂದ ಒಂದು ಸಣ್ಣ ಉಂಗುರ ಕತ್ತರಿಸಿ ಎರಡು ಕೊಕ್ಕೆ ನಡುವೆ ತೂಗಿಹಾಕ್ತೀವಿ. ಬೆಚ್ಚಗಿನ ಉಪ್ಪುನೀರಲ್ಲಿ ಅದು ತುಂಬ ಹೊತ್ತು ಜೀವ ಹಿಡ್ಕೊಂಡಿರತ್ತೆ. ಮೊದಲು ಅದು ಬಿಗಿಯೋ ಹಾಗೆ ಮಾಡ್ತೀವಿ. ಆಮೇಲೆ ಗಿಡದ ರಸ ಹಾಕ್ತೀವಿ. ನಾಳ ಸಡಿಲ ಆದ್ರೆ ಪರದೆ ಮೇಲೆ ಗೆರೆ ಇಳಿಯತ್ತೆ. ಒತ್ತಡ ಇಳಿಸೋ ಗುಣ ಇದೆಯಾ ಅಂತ ಗೊತ್ತಾಗತ್ತೆ.”

“ಇಲೀದಾ! ನನ್ನ ಬೇರು ಮನುಷ್ಯರಿಗಮ್ಮ, ಇಲಿಗಲ್ಲ.” ಆಮೇಲೆ ಕೇಳಲೋ ಬೇಡವೋ ಎಂಬಂತೆ ಕೇಳಿದಳು: “ಇಳೀತಾ?”

ಸೊಸೆ ತಡವರಿಸಿದಳು. “ಒಂಚೂರು. ಇಳಿದು ಮತ್ತೆ ಮೇಲೆ ಬಂತು.”

“ನಿಮಗೆ ಕುದಿಸೋಕೆ ಬಂದಿರಲ್ಲ. ನನ್ನ ಕೈಯಲ್ಲಿ ಕುದಿಸಿದ್ದನ್ನ ತಗೊಂಡು ಹೋಗು, ಆಗ ನೋಡು.”

ಇಷ್ಟು ಹೊತ್ತು ಬಾಯಿ ಬಿಡದಿದ್ದ ಮಗ ತಲೆ ಎತ್ತಿದ. ಅವನು ಲಿಫ್ಟ್ ರಿಪೇರಿಯವನು. ದಿನವಿಡೀ ಕತ್ತಲ ಗುಂಡಿಗಳಲ್ಲಿ ನಿಂತು ಗ್ರೀಸು ಬಳಿದುಕೊಂಡು ಬರುವವನು, ಮನೆಯಲ್ಲಿ ಮಾತು ಕಡಿಮೆ. “ಮನೆ ಕಷಾಯನ ಲ್ಯಾಬಿಗೆ ಯಾಕೆ ಹೊರ್ತೀರಿ? ಬಿಟ್ಟುಬಿಡಿ,” ಎಂದ.

“ನೀನು ಸುಮ್ನಿರೋ. ನನ್ನ ಮರ್ಯಾದೆ ಪ್ರಶ್ನೆ,” ಎಂದಳು ಬೇರಮ್ಮ.

ಮರುದಿನ ಪಾತ್ರೆಯ ಕಷಾಯವೆಲ್ಲ ಓಣಿಯವರಿಗೆ ಹಂಚಿ ಮುಗಿದ ಮೇಲೆ ಸೊಸೆಯ ಬಾಟಲಿ ನೆನಪಾಯಿತು. ಜಗಲಿಯಲ್ಲಿ ಗಂಡ ಅರ್ಧ ಕುಡಿದಿಟ್ಟಿದ್ದ ಲೋಟವನ್ನು ಕಸಿದುಕೊಂಡು ಬಂದು ಬಾಟಲಿಗೆ ಸುರಿದು ಕೊಟ್ಟಳು.

ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಹೇಳಿದಳು. “ಅತ್ತೆ, ಗೆರೆ ತಳ ಕಂಡಿತು! ನಮ್ಮ ಮೇಡಂ ಕುರ್ಚಿಯಿಂದ ಎದ್ದು ಬಂದು ನೋಡಿದ್ರು.”

ಬೇರಮ್ಮನಿಗೆ ಆ ಕ್ಷಣದಲ್ಲಿ ಬೇರಿನ ಕಳ್ಳತನವೆಲ್ಲ ಮರೆತೇಹೋಯಿತು. ಸೊಸೆಗೆ ತಾನೇ ಚಹಾ ಮಾಡಿಕೊಟ್ಟಳು, ಜೊತೆಗೆ ಮೊಟ್ಟೆಯನ್ನೂ ಹುರಿದು ಕೊಟ್ಟಳು. ಮಗ ಮಾತ್ರ ಹಸಿವಿಲ್ಲವೆಂದು ಎದ್ದುಹೋದ. ಸುದ್ದಿ ಬೆಳಗಾಗುವುದರೊಳಗೆ ಓಣಿಯ ಕೊನೆ ಮುಟ್ಟಿತು. ಇಸ್ತ್ರಿಯವಳು ಅಲ್ಲಿಯವರೆಗೆ ಮಾತ್ರೆಯನ್ನೂ ಕಷಾಯವನ್ನೂ ಎರಡನ್ನೂ ತೆಗೆದುಕೊಳ್ಳುತ್ತಿದ್ದವಳು, “ಲ್ಯಾಬಿನವರೇ ಹೌದು ಅಂದ ಮೇಲೆ ಇನ್ನೇನು?” ಎಂದು ಮಾತ್ರೆ ಬಿಟ್ಟಳು. ಬೇರಮ್ಮ ಬೇಡವೆನ್ನಲಿಲ್ಲ. ನಕ್ಕು ಅವಳ ಲೋಟಕ್ಕೆ ಇನ್ನೊಂದು ಸೌಟು ಹೆಚ್ಚೇ ಹಾಕಿದಳು.

ಒಂದು ವಾರ ಹಾಗೆ ಕಳೆಯಿತು. ಇನ್ನೊಮ್ಮೆ ಪರೀಕ್ಷೆ ಮಾಡಬೇಕಂತೆ ಎಂದು ಸೊಸೆ ಮತ್ತೆ ಕಷಾಯ ಒಯ್ದಳು. ಈ ಸಲ ಪಾತ್ರೆಯಿಂದಲೇ. ಬಂದವಳು ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಎರಡು ಬಾಟಲಿ ಒಯ್ದಳು, ಪಾತ್ರೆಯದೊಂದು, ಮಾವನ ಲೋಟದ್ದೊಂದು. ಆ ಸಂಜೆ ಮಾವ ಚಹಾದಂಗಡಿಗೆ ಹೋಗಿದ್ದ ಹೊತ್ತು ನೋಡಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಅತ್ತೆ, ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಪಾತ್ರೇಲಿ ಇರೋ ಕಷಾಯ ಬೇರೆ, ಮಾವನ ಲೋಟದಲ್ಲಿ ಇರೋ ಕಷಾಯ ಬೇರೆ.”

“ಒಂದೇ ಪಾತ್ರೆಯಿಂದ ಬಗ್ಗಿಸೋದಲ್ವೇನೇ?”

“ಪಾತ್ರೇದು ಹಾಕಿದ್ರೆ ಗೆರೆ ಒಂಚೂರು ಇಳಿದು ಮತ್ತೆ ಏರತ್ತೆ, ಮೊದಲು ನಾನು ಬೇರಲ್ಲಿ ನೋಡಿದ ಹಾಗೇ. ಲೋಟದ್ದು ನಿಧಾನಕ್ಕೆ ಇಳಿಸಿ ತಳಕ್ಕೆ ಕೂರಿಸತ್ತೆ. ಎಷ್ಟು ತೊಳೆದ್ರೂ ನಾಳಕ್ಕೆ ಹಿಡಿತ ವಾಪಸ್ ಬರಲ್ಲ. ಒತ್ತಡದ ಮಾತ್ರೆ ಹಾಕಿದಾಗ ಹೀಗಾಗೋದನ್ನ ನೋಡಿದೀನಿ.”

ಬೇರಮ್ಮ ಕೈಲಿದ್ದ ಸೊಪ್ಪನ್ನು ಕೆಳಗಿಟ್ಟಳು. “ಅಂದ್ರೆ? ನಾನು ಮಾತ್ರೆ ಕಲಸಿ ಕೊಟ್ಟು ಬೇರಿನ ಹೆಸರು ಹೇಳ್ತೀನಿ ಅಂತಾನಾ?”

“ನಾನು ಹಾಗಂದ್ನಾ? ಯಾರು ಹಾಕ್ತಾರೆ ಅಂತ ಕೇಳ್ತಿದೀನಿ.”

“ಬಾಟಲಿ ಹಿಡ್ಕೊಂಡು ಹೋಗೋಳು ನೀನು. ದಾರೀಲಿ ಏನು ಸೇರಿಸ್ತೀಯೋ ಯಾರಿಗ್ಗೊತ್ತು? ನನ್ನ ಹೆಸರು ಕೆಡಿಸಿ ನಿಂಗೇನು ಸಿಗತ್ತೆ?”

“ನಿಮ್ಮ ಹೆಸರು ಕೆಡಿಸಿದ್ರೆ ನನ್ನ ಕೆಲಸಾನೂ ಕೆಡತ್ತೆ ಅತ್ತೆ!”

ಆ ದಿನದಿಂದ ಮನೆಯಲ್ಲಿ ಒಬ್ಬರ ಮೇಲೊಬ್ಬರು ಕಣ್ಣಿಟ್ಟರು. ಸೊಸೆ ತನ್ನ ಚಹಾ ತಾನೇ ಮಾಡಿಕೊಳ್ಳತೊಡಗಿದಳು. ಬೇರಮ್ಮ ಕಷಾಯ ಕುದಿಯುವವರೆಗೆ ಒಲೆ ಬಿಟ್ಟು ಕದಲಳು. ಸೊಸೆ ತರಕಾರಿ ಹೆಚ್ಚುವ ನೆಪದಲ್ಲಿ ಅಲ್ಲೇ ನಿಲ್ಲುವಳು. ಗಂಡನೇ ಗುಟ್ಟಾಗಿ ಮಾತ್ರೆ ನುಂಗುತ್ತಿದ್ದಾನೇನೋ ಎಂದೂ ಬೇರಮ್ಮನಿಗೆ ಅನ್ನಿಸಿತು. ಅವನು ಮಲಗಿದ್ದಾಗ ಅಂಗಿಯ ಜೇಬುಗಳನ್ನೆಲ್ಲ ತಡಕಿದಳು. ಪೆಪ್ಪರಮಿಂಟು, ಹಲ್ಲುಕಡ್ಡಿ, ಹಳೆಯ ಬಸ್ ಟಿಕೆಟ್ಟು. ಮಾತ್ರೆಯ ಸುಳಿವಿರಲಿಲ್ಲ. ಲೋಟ ಒಲೆಯಿಂದ ಜಗಲಿಗೆ ಹೋಗುವ ದಾರಿಯಲ್ಲೇ ಏನೋ ಆಗುತ್ತಿದೆ ಎಂದು ಕೊನೆಗೆ ಅವಳಿಗೇ ಹೊಳೆಯಿತು. ಲೋಟ ಒಯ್ದು ಕೊಡುವವನು ಮಗ. ಕೆಲಸಕ್ಕೆ ಹೊರಡುವ ಮುನ್ನ ಅಪ್ಪನ ಕೈಗೆ ಕಷಾಯ ಕೊಟ್ಟೇ ಹೋಗುತ್ತಾನೆ ಎಂದು ಅವಳು ನಾಲ್ಕು ಜನರೆದುರು ಹೇಳಿಕೊಂಡು ಬೀಗಿದ್ದಳು.

ನಂಬಲು ಮನಸ್ಸಾಗಲಿಲ್ಲ. ಆದರೂ ಮರುದಿನ ಹಾಲು ತರುತ್ತೇನೆಂದು ಕೂಗಿ ಹೇಳಿ, ಹಿತ್ತಿಲಿನಿಂದ ಸುತ್ತಿ ಬಂದು, ಅಡುಗೆಮನೆಯಿಂದ ಜಗಲಿಗೆ ಹೋಗುವ ಸಂದಿಯಲ್ಲಿ ಒಣಹಾಕಿದ್ದ ದೊಡ್ಡ ಹೊದಿಕೆಯ ಹಿಂದೆ ನಿಂತಳು. ಒದ್ದೆ ಬಟ್ಟೆ ಮುಖಕ್ಕೆ ತಾಗುತ್ತಿತ್ತು. ಮಗ ಲೋಟ ಹಿಡಿದು ಬಂದ. ಕಿಟಕಿಕಟ್ಟೆಯ ಮೇಲೆ ಅದನ್ನಿಟ್ಟು, ಜೇಬಿನಿಂದ ಸಣ್ಣ ಕಾಗದದ ಮಡಿಕೆ ತೆಗೆದು, ಬಿಳಿ ಪುಡಿಯನ್ನು ಉದುರಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅಂಗಿಗೆ ಒರೆಸಿಕೊಂಡು ಕಲಕಿದ.

ಹೊದಿಕೆ ಸರಿಸಿ ತಾಯಿ ಎದುರು ನಿಂತಾಗ ಅವನ ಕೈಯಿಂದ ಕಾಗದ ಜಾರಿತು.

“ಎಷ್ಟು ದಿನದಿಂದ?” ಜಗಲಿಗೆ ಕೇಳಬಾರದೆಂದು ಅವಳು ಪಿಸುಗುಟ್ಟಿದಳು.

“ಮೊದಲಿಂದಾನೂ ಅಮ್ಮ. ಅಪ್ಪ ಮಾತ್ರೆ ಬಿಸಾಕಿದ್ನಲ್ಲ, ಆವತ್ತಿಂದ. ಏನು ಮಾಡ್ಲಿ ಹೇಳು? ಡಾಕ್ಟರು ನನ್ನ ಒಬ್ಬನ್ನೇ ಕರೆದು, ಹೀಗೇ ಬಿಟ್ರೆ ಯಾವತ್ತು ಬಿದ್ದು ಹೋಗ್ತಾರೋ ಗೊತ್ತಿಲ್ಲ ಅಂದ್ರು. ಕಷಾಯದ ಕಹೀಲಿ ಮಾತ್ರೆ ಕಹಿ ಗೊತ್ತಾಗಲ್ಲ.”

“ನಾನು ಓಣಿಗೆಲ್ಲ ಸಾರಿಕೊಂಡು ತಿರುಗ್ತಿದ್ದೆನಲ್ಲೋ! ಆಗಾದ್ರೂ ಬಾಯಿ ಬಿಡಬಾರದಿತ್ತಾ?”

“ನಿನ್ನ ಮುಖ ನೋಡಿ ಆಗಲಿಲ್ಲ.”

ಪಿಸುಮಾತು ಕೇಳಿ ಬಂದ ಸೊಸೆಗೆ ಕೆಳಗೆ ಬಿದ್ದ ಕಾಗದ ನೋಡಿದ ಕೂಡಲೇ ಎಲ್ಲ ತಿಳಿಯಿತು. “ನಂಗಾದ್ರೂ ಹೇಳಬಾರದಾ? ನಾನಲ್ಲಿ ಎಲ್ಲರೆದುರು ಆ ಗೆರೆ ತೋರಿಸಿ ಕುಣೀತಿದ್ದೆ,” ಎಂದಳು.

“ಏ, ಎಲ್ಲೇ ನನ್ನ ಕಷಾಯ?” ಜಗಲಿಯಿಂದ ಡ್ರೈವರು ಕೂಗಿದ.

ಮೂವರೂ ಲೋಟ ನೋಡಿದರು. ಬೇರಮ್ಮ ಅದನ್ನು ಎತ್ತಿಕೊಂಡು ತಾನೇ ಹೋಗಿ ಗಂಡನ ಕೈಗೆ ಕೊಟ್ಟಳು. ಅವನು ಗಟಗಟನೆ ಕುಡಿದು ಮೀಸೆ ಒರೆಸಿಕೊಂಡು, “ಇವತ್ತು ನಿನ್ನ ಕೈಯಿಂದಲೇ ಬಂತಲ್ಲ, ರುಚೀನೇ ಬೇರೆ,” ಎಂದ. ಅವಳು ನಗಲಿಲ್ಲ.

ಒಳಗೆ ಬಂದಾಗ ಸೊಸೆ ಕೇಳಿದಳು: “ಅತ್ತೆ, ಇಸ್ತ್ರಿಯಕ್ಕ ಮಾತ್ರೆ ಬಿಟ್ಟಿದಾರೆ ಅಲ್ವಾ?”

ಬೇರಮ್ಮ ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟಳು.

ಇಸ್ತ್ರಿಯವಳು ಕೆಂಡದ ಪೆಟ್ಟಿಗೆಯನ್ನು ಅಂಗಿಯ ಬೆನ್ನ ಮೇಲೆ ಓಡಿಸುತ್ತಿದ್ದಳು. ಬೇರಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅವಳ ಮುಖ ಕಂಡೊಡನೆ ಬೇರೆಯಾಯಿತು. “ಈ ಸಲ ಬೇರು ಚೆನ್ನಾಗಿ ಬಂದಿಲ್ಲ ಕಣೆ. ಸ್ವಲ್ಪ ದಿನ ನಿನ್ನ ಮಾತ್ರೇನೇ ತಗೋ.”

ಇಸ್ತ್ರಿಯವಳು ಪೆಟ್ಟಿಗೆ ನಿಲ್ಲಿಸಿದಳು. “ನಿನ್ನ ಗಂಡನಿಗೆ?”

“ಅವರಿಗೆ… ಇದ್ದದ್ದರಲ್ಲಿ ಸ್ವಲ್ಪ.”

“ಹಾಗೆ ಹೇಳು. ಲ್ಯಾಬಿನವರಿಗೆ ಕೊಟ್ಟುಬಿಟ್ಟಿದೀಯ. ಹೆಸರು ಬರೋವರೆಗೂ ನಾವು ಬೇಕಾಗಿತ್ತು.”

“ಅಯ್ಯೋ, ಹಾಗಲ್ವೇ.”

“ಮತ್ತೆ ಹೇಗೆ?”

ಅಷ್ಟು ಕೇಳಿದಾಗ ನಿಜ ಹೇಳಲು ಒಂದು ಉಸಿರಿನಷ್ಟು ಹೊತ್ತು ಸಾಕಿತ್ತು. ಪಕ್ಕದಲ್ಲಿ ಹೂವಿನವನು ಕಿವಿ ನಿಮಿರಿಸಿಕೊಂಡಿದ್ದ. ಬೇರಮ್ಮ “ನಾನು ಹೇಳೋದು ಹೇಳಿದೀನಿ,” ಎಂದು ತಿರುಗಿ ಬಂದಳು. ಸೊಸೆ ಕೇಳಿದಾಗ, “ಹೇಳಿದೆ,” ಎಂದಳು. ಅದು ಸುಳ್ಳಲ್ಲ ಎಂದು ತನಗೆ ತಾನೇ ಹಲವು ಸಲ ಹೇಳಿಕೊಂಡಳು.

ಇಸ್ತ್ರಿಯವಳು ಮಾತ್ರೆ ತೆಗೆದುಕೊಳ್ಳಲಿಲ್ಲ. ಹಟಕ್ಕೆ ಬಿದ್ದು, ತಾನೇ ಗುಡ್ಡಕ್ಕೆ ಹೋಗಿ ಸಿಕ್ಕ ಬೇರು ತಂದು ಕುದಿಸಿ ಕುಡಿಯುತ್ತಿದ್ದಳಂತೆ. ಮುಂದಿನ ವಾರ ಒಂದು ಮಧ್ಯಾಹ್ನ ಓಣಿಯಲ್ಲಿ ಬಟ್ಟೆ ಸುಟ್ಟ ವಾಸನೆ ಹಬ್ಬಿತು. ಜನ ಓಡಿ ನೋಡಿದರೆ ಪೆಟ್ಟಿಗೆ ಯಾರದೋ ಬಿಳಿ ಅಂಗಿಯನ್ನು ಸುಡುತ್ತಿತ್ತು. ಅವಳು ಮೇಜಿನ ಕೆಳಗೆ ಕುಸಿದಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಎಡಗೈ ತನ್ನದಲ್ಲ ಎನ್ನುವಂತೆ ಬಿದ್ದಿತ್ತು.

ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಅವಳಿಗೆ ಮಾತು ತೊದಲುತ್ತಾ ಮರಳಿದ ದಿನ ಬೇರಮ್ಮ ಹಣ್ಣು ಹಿಡಿದು ಹೋದಳು. ಡ್ರೈವರು ಚಹಾದ ಫ್ಲಾಸ್ಕು ಹೊತ್ತು ಹಿಂದಿನಿಂದ ಬರುತ್ತಿದ್ದ. ಮಂಚದ ಪಕ್ಕದಲ್ಲಿ ಕೂತ ಬೇರಮ್ಮನನ್ನು ಇಸ್ತ್ರಿಯವಳು ಓರೆಗಣ್ಣಲ್ಲಿ ನೋಡಿ, ಕಷ್ಟಪಟ್ಟು ಕೇಳಿದಳು. “ಒಳ್ಳೇ ಬೇರು… ಬಚ್ಚಿಟ್ಟೆ. ಅಲ್ವಾ?”

ಬೇರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. “ಒಳ್ಳೇ ಬೇರೂ ಇಲ್ಲ, ಕೆಟ್ಟ ಬೇರೂ ಇಲ್ಲ ಕಣೆ. ನನ್ನ ಗಂಡನ ಲೋಟದಲ್ಲಿ ಮಾತ್ರೆ ಇತ್ತು. ನನ್ನ ಮಗ ಪುಡಿ ಮಾಡಿ ಹಾಕ್ತಿದ್ದ. ಗುಣ ಆಗಿದ್ದು ಅದರಿಂದ. ಆವತ್ತು ನಿನ್ನ ಹತ್ತಿರ ಬಂದಾಗ ನಂಗೆ ಗೊತ್ತಿತ್ತು. ನಾಚಿಕೆಗೆ ಹೇಳಲಿಲ್ಲ. ನಿನ್ನ ಕೈ ಹೋಗಿದ್ದು ನನ್ನಿಂದ.”

ಹಿಂದೆ ಫ್ಲಾಸ್ಕಿನ ಮುಚ್ಚಳ ಬಿದ್ದು ಉರುಳಿತು. ಡ್ರೈವರು ಬಾಗಿಲಲ್ಲಿ ನಿಂತಿದ್ದ.

ಆ ಸಂಜೆಯಿಂದ ಅವನು ಮನೆಯಲ್ಲಿ ಏನನ್ನೂ ಮುಟ್ಟಲಿಲ್ಲ. ಅಂಗಡಿಯ ಬ್ರೆಡ್ಡು, ಸಿಪ್ಪೆ ಸುಲಿಯದ ಬಾಳೆಹಣ್ಣು, ತಾನೇ ನಲ್ಲಿಯಿಂದ ಹಿಡಿದ ನೀರು. ನೀರಿನ ಬಾಟಲಿಯನ್ನು ಬಚ್ಚಲಿಗೆ ಹೋಗುವಾಗಲೂ ಬಗಲಲ್ಲಿಟ್ಟುಕೊಂಡು ಹೋಗುತ್ತಿದ್ದ. ಬೇರಮ್ಮ ತಟ್ಟೆ ಇಟ್ಟರೆ, “ಇದರಲ್ಲಿ ಏನೇನು ಇದೆಯಮ್ಮಾ?” ಎಂದು ತಳ್ಳುತ್ತಿದ್ದ. ಮಗ ಕಾಲ ಬಳಿ ಕೂತ.

“ಅಪ್ಪಾ, ತಪ್ಪಾಯ್ತು.”

“ಎರಡು ವರ್ಷ ನಿನ್ನ ಕೈಯಿಂದ ಕುಡಿದೆ. ಪ್ರೀತಿ ಅಂದ್ಕೊಂಡಿದ್ದೆ.”

“ಪ್ರೀತೀನೇ ಅಪ್ಪಾ.”

“ಪ್ರೀತೀನ ಯಾರಾದ್ರೂ ಪುಡಿ ಮಾಡಿ ಮುಚ್ಚಿಟ್ಟು ಕೊಡ್ತಾರೇನೋ?”



ಬ್ರೆಡ್ಡಿನ ದಿನಗಳಲ್ಲಿ ಡ್ರೈವರ ಒತ್ತಡ ಏರತೊಡಗಿತ್ತು. ಬೆಳಿಗ್ಗೆ ಎದ್ದರೆ ಹಿಂದಲೆ ಹಿಡಿದುಕೊಂಡು ಕೂರುತ್ತಿದ್ದ. ಸೊಸೆ ಅವನೆದುರು ಕುಕ್ಕರುಗಾಲಲ್ಲಿ ಕೂತು ಹೇಳಿದಳು: “ಮಾವ, ನಮ್ಮ ಯಾರ ಮಾತೂ ನಂಬಬೇಡಿ. ನನ್ನದೂ ನಂಬಬೇಡಿ. ಲ್ಯಾಬಿಗೆ ಬಂದು ನೀವೇ ನೋಡಿ.”

ಅವನು ಹೋದ, ಆದರೆ ತನ್ನದೇ ರೀತಿಯಲ್ಲಿ. ಕಷಾಯವನ್ನು ತಾನೇ ಕುದಿಸಿದ. ಮಾತ್ರೆಯನ್ನು ಮನೆಯವರು ಯಾವತ್ತೂ ಹೋಗದ, ದೂರದ ಅಂಗಡಿಯಿಂದ ಕೊಂಡ. ಎರಡು ಬಾಟಲಿಗೆ ಕಷಾಯ ತುಂಬಿ, ಒಂದಕ್ಕೆ ಮಾತ್ರ ಮಾತ್ರೆ ಪುಡಿ ಮಾಡಿ ಹಾಕಿ ಕುಲುಕಿದ. ಯಾವುದು ಯಾವುದೆಂದು ಯಾರಿಗೂ ಹೇಳಲಿಲ್ಲ. “ನೀನೇ ಹೇಳು ನೋಡೋಣ,” ಎಂದು ಸೊಸೆಯ ಕೈಗಿತ್ತ. ಲ್ಯಾಬಿನ ಮೇಡಂ ನಕ್ಕು, “ನಾವೂ ಹೀಗೇ ಮಾಡೋದು ಸರ್,” ಎಂದರು. ಅವನು ನಗಲಿಲ್ಲ.

ಬೇರಮ್ಮನೂ ಜೊತೆಗೆ ಹೋಗಿದ್ದಳು. ಗಾಜಿನ ಕೊಳವೆಯೊಳಗೆ ಗುಳ್ಳೆಗಳ ನಡುವೆ, ಕೊಕ್ಕೆಗೆ ಸಿಕ್ಕಿಸಿದ್ದ ಆ ನಾಳದ ಚೂರು ಹೊಲಿಗೆಯ ನೂಲಿನ ಗಂಟಿನಷ್ಟು ಮಾತ್ರ ಇತ್ತು. ಮೊದಲ ಬಾಟಲಿಯ ಹನಿಗೆ ಗೆರೆ ನಿಧಾನವಾಗಿ ಜಾರತೊಡಗಿ, ಕೊನೆಗೆ ತಳ ಸೇರಿತು. ತೊಳೆದರೂ ಏಳಲಿಲ್ಲ. ಹೊಸ ಚೂರು ಸಿಕ್ಕಿಸಿ ಎರಡನೆಯದನ್ನು ಹಾಕಿದಾಗ ಗೆರೆ ಒಂಚೂರು ತಗ್ಗಿ, ಮತ್ತೆ ಏರಿ, ಮೊದಲಿದ್ದಲ್ಲೇ ನಿಂತಿತು.

“ಮಾತ್ರೆ ಇದ್ದದ್ದು ಮೊದಲನೇದರಲ್ಲಿ,” ಎಂದಳು ಸೊಸೆ.

ಡ್ರೈವರು ಬಹಳ ಹೊತ್ತು ಪರದೆ ನೋಡಿದ. “ಹೂಂ,” ಎಂದ. ಆಮೇಲೆ ಹೆಂಡತಿಯತ್ತ ತಿರುಗಿ, “ನಿಂದೂ ಒಂಚೂರು ಇಳಿಸತ್ತೆ ಕಣೆ. ಇಲ್ಲ ಅಂತೇನಿಲ್ಲ,” ಎಂದ. ಅವಳ ಕಣ್ಣು ತುಂಬಿಬಂತು. ಆ ದಿನಗಳಲ್ಲಿ ಅವನು ಅವಳೊಡನೆ ಆಡಿದ ಮೊದಲ ಮೆತ್ತಗಿನ ಮಾತು ಅದು.

ಅಂದು ಮನೆಗೆ ಬಂದು ಎಲ್ಲರೆದುರು ಮಾತ್ರೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ ನುಂಗಿದ. ಅಂದಿನಿಂದ ಅನ್ನಕ್ಕೂ ಕೂತ. ಮಗನೊಡನೆ ಮಾತ್ರ ಮಾತು ಪೂರ್ತಿ ಹಿಂದಿನಂತಾಗಲು ಇನ್ನೂ ಸಮಯ ಹಿಡಿಯಿತು.

ಆ ವಾರ ಸೊಸೆ ಮನೆಯವರೆಲ್ಲರ ಒತ್ತಡ ನೋಡಿದಳು. ಬೇರಮ್ಮ ತೋಳು ಚಾಚಲು ಒಪ್ಪಲಿಲ್ಲ. ದಿನಾ ಪಾತ್ರೆಯ ತಳದ ಕಷಾಯ ಕುಡಿಯುವ ತನಗೇನು ಒತ್ತಡ ಎಂದಳು. ಬಲವಂತಕ್ಕೆ ಚಾಚಿದಾಗ ಸೊಸೆ ಎರಡು ಸಲ ನೋಡಿ, ಮತ್ತೊಂದು ಸಲ ನೋಡಿ, “ಅತ್ತೆ, ನಾಳೆ ಡಾಕ್ಟರ ಹತ್ತಿರ ಹೋಗೋಣ,” ಎಂದಳು.

ಇಸ್ತ್ರಿಯವಳು ಮನೆಗೆ ಬಂದಳು. ಎಡಗೈಗೆ ಬಲ ಪೂರ್ತಿ ಬರಲಿಲ್ಲ. ಬೇರಮ್ಮ ದಿನಾ ಮನೆಗೆಲಸ ಮುಗಿಸಿ ಮೂಲೆಯ ಮೇಜಿಗೆ ಹೋಗಿ ಇಸ್ತ್ರಿ ಪೆಟ್ಟಿಗೆ ಹಿಡಿದಳು. ಯಾರೂ ಕರೆದಿರಲಿಲ್ಲ. ಸ್ಟೂಲಿನ ಮೇಲೆ ಕೂತ ಇಸ್ತ್ರಿಯವಳು ಮೊದಲ ದಿನಗಳಲ್ಲಿ ಮಾತೇ ಆಡಲಿಲ್ಲ. ಬಟ್ಟೆಗಳನ್ನು ಮಾತ್ರ ಒಂದೊಂದಾಗಿ ಎತ್ತಿ ಸುಟ್ಟಿದೆಯೋ ಎಂದು ತಪಾಸಣೆ ಮಾಡುತ್ತಿದ್ದಳು. ಆಮೇಲೆ ಕಾಲರು ಸೊಟ್ಟ, ತೋಳು ಸುಕ್ಕು ಎಂದು ಬಯ್ಯತೊಡಗಿದಳು. ಬಯ್ಗುಳ ಶುರುವಾದ ದಿನ ಬೇರಮ್ಮನಿಗೆ ಹಾಯೆನಿಸಿತು.

ಒಂದು ಬೆಳಿಗ್ಗೆ ಬೇರಮ್ಮ ನೀರಿನ ಚೊಂಬು ಮುಂದಿಟ್ಟು, “ನಿನ್ನ ಮಾತ್ರೆ ಎಲ್ಲಿ? ತಗೋ, ನಾನು ನೋಡಬೇಕು,” ಎಂದಳು.

“ನಿಂಗೂ ಡಾಕ್ಟರು ಮಾತ್ರೆ ಕೊಟ್ಟಿದಾರಂತಲ್ಲ. ನೀನು ತಗೊಂಡ್ಯಾ?”

“ಮನೇಲಿ ತಗೊಂಡೆ.”

“ನಿನ್ನ ಮನೇಲಿ ಯಾರು ಏನು ತಗೋತಾರೆ ಅಂತ ನಂಗೆ ಗೊತ್ತಿಲ್ವಾ?”

ಬೇರಮ್ಮ ಪೆಟ್ಟಿಗೆಯನ್ನು ಅದರ ಕಲ್ಲಿನ ಮೇಲಿಟ್ಟಳು. ಇಸ್ತ್ರಿಯವಳು ದಿಟ್ಟಿಸುತ್ತಲೇ ಇದ್ದಳು. ಬೇರಮ್ಮ ಸೊಂಟದಿಂದ ಚೀಲ ಬಿಚ್ಚಿ, ಆ ದಿನ ತೆಗೆದುಕೊಳ್ಳದೆ ಉಳಿಸಿಕೊಂಡಿದ್ದ ಮಾತ್ರೆಯನ್ನು ಹೊರತೆಗೆದು, ಬಾಯಿಗೆ ಹಾಕಿ ಒಂದು ಗುಟುಕು ನೀರು ಕುಡಿದಳು.

“ನಾಲಿಗೆ ತೋರಿಸು,” ಎಂದಳು ಇಸ್ತ್ರಿಯವಳು.

ಬೀದಿಯ ಮೂಲೆಯಲ್ಲಿ, ಹೂವಿನವನೂ ಹೋಗಿಬರುವವರೂ ನೋಡುತ್ತಿದ್ದಂತೆ, ಬೇರಮ್ಮ ಬಾಯಿ ಅಗಲಿಸಿ ನಾಲಿಗೆ ಚಾಚಿದಳು. ಇಸ್ತ್ರಿಯವಳು ಬಗ್ಗಿ, ನಾಲಿಗೆಯ ಮೇಲೂ ಕೆಳಗೂ ಚೆನ್ನಾಗಿ ನೋಡಿದಳು. ಆಮೇಲೆ ತನ್ನ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಚೊಂಬಿಗೆ ಬಲಗೈ ಚಾಚಿದಳು.